ಕದಿರಕ್ಕನ ಮೂಗು

ನಮ್ಮ ಅಕ್ಕ ಕದಿರಮ್ಮನ ಮೂಗಿಗೆ ಹೆದರದವರು ಅವಳ ಊರಿನಲ್ಲಿ ಯಾರೂ ಇರಲಿಲ್ಲ. ನೋಡಲು ಅಂಥ ವಿಶೇಷವೇನೂ ಇಲ್ಲ. ಸ್ವಲ್ಪ ಚಪ್ಪಟೆ, ಎಡಗಡೆ ಒಂದು ಕೆಂಪು ಹರಳಿನ ಮೂಗುಬೊಟ್ಟು, ಅಷ್ಟೇ. ಆದರೆ ಆ ಮೂಗು ಪೊಲೀಸರ ಕೈಗೆ ಸಿಕ್ಕಿದ್ದರೆ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಕಳ್ಳರು ಬಾಳುವೆ ಮಾಡಲು ಆಗುತ್ತಿರಲಿಲ್ಲ. ಮೂರು ಮನೆ ಆಚೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಇವಳು ಇಲ್ಲಿ ರೇಷ್ಮೆಯ ಹುಳುಮನೆಯ ಕಿಟಕಿ ಮುಚ್ಚುತ್ತಿದ್ದಳು. ನಾನು ಚಿಂತಾಮಣಿಯಿಂದ ಬಸ್ಸಿನಲ್ಲಿ ಹೋಗಿ ಅಂಗಳಕ್ಕೆ ಕಾಲಿಟ್ಟರೆ, ಬಾ ಅನ್ನುವ ಮುಂಚೆಯೇ, "ಪಕ್ಕದಲ್ಲಿ ಯಾರೋ ಬೀಡಿ ಸೇದೋನು ಕೂತಿದ್ದ ಅನ್ಸತ್ತೆ, ಸೀರೆ ಬದ್ಲಾಯಿಸ್ಕೊಂಡು ಬಾರೇ ರಾಮಲಕ್ಷ್ಮಿ" ಅನ್ನುತ್ತಿದ್ದಳು. ಊರ ಮಕ್ಕಳನ್ನೆಲ್ಲ ಉಗುರು ನೋಡಿ, ತಲೆ ನೋಡಿ ಒಳಗೆ ಬಿಟ್ಟುಕೊಳ್ಳುತ್ತಿದ್ದ ಮೇಷ್ಟ್ರಮ್ಮ ನಾನು. ನನ್ನನ್ನೇ ಹೊಸಿಲಾಚೆ ನಿಲ್ಲಿಸುತ್ತಿದ್ದಳು.

ಇದು ಅವಳ ಕೊಬ್ಬಲ್ಲ, ಕಸುಬು. ರೇಷ್ಮೆ ಹುಳ ಸಾಕುವವರ ಮನೆಯಲ್ಲಿ ವಾಸನೆ ಅನ್ನುವುದು ಹಾವಿದ್ದ ಹಾಗೆ. ಹೊಗೆ, ಸೊಳ್ಳೆಬತ್ತಿ, ಊದುಬತ್ತಿ, ಸೆಂಟು, ಹೊಲಕ್ಕೆ ಹೊಡೆಯುವ ಔಷಧಿ, ಯಾವುದು ಒಳಗೆ ಹೋದರೂ ಹುಳ ಮೇವು ಬಿಡುತ್ತದೆ. ಅಕ್ಕನ ಮನೆಯ ಹಿಂದೆ, ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡ ಹಾಗೆ ಉದ್ದನೆಯ ಹುಳುಮನೆ. ಅದರ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ. ಅದರಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು, ಆಮೇಲೆ ಅಕ್ಕನ ಮುಂದೆ ನಿಲ್ಲಬೇಕು. ಅವಳು ಒಂದು ಹೆಜ್ಜೆ ಹತ್ತಿರ ಬಂದು, ಭುಜದ ಹತ್ತಿರ ಒಂದು ಸಲ ಉಸಿರೆಳೆದು, "ಹೂಂ" ಅಂದರೆ ಒಳಗೆ. ಸುಮ್ಮನೆ ನಿಂತರೆ ಹೊರಗೆ. ರೇಷ್ಮೆ ಇಲಾಖೆಯವರು ಬಂದರೂ ಇದೇ ಶಾಸ್ತ್ರ. ಗಂಡ ಬಂದರೆ ಎರಡು ಸಲ ಉಸಿರೆಳೆಯುತ್ತಿದ್ದಳು.

ಗಂಡನಿಗೆ ಎರಡು ಸಲ ಯಾಕೆ ಅಂದರೆ, ನಮ್ಮ ಭಾವ ಮುನಿಶಾಮಪ್ಪ ಒಂದು ಕಾಲದಲ್ಲಿ ಕುಡಿಯುತ್ತಿದ್ದರು. ಜಗಳಗಂಟರಲ್ಲ. ಕುಡಿದರೆ ಎಲ್ಲರ ಮೇಲೂ ಪ್ರೀತಿ ಉಕ್ಕಿ, ಎಮ್ಮೆಯ ಕೊರಳು ತಬ್ಬಿಕೊಂಡು ತೆಲುಗಿನಲ್ಲಿ ಮಾತಾಡುವ ಜಾತಿ. ಮಗಳು ಮೌನಿಕಾ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ಸಂಜೆ ಆ ಪ್ರೀತಿ ಹುಳಗಳ ಮೇಲೆ ಉಕ್ಕಿತು. ಅಕ್ಕ ನೀರಿಗೆ ಹೋಗಿದ್ದ ಹೊತ್ತಿನಲ್ಲಿ ಹುಳುಮನೆಗೆ ನುಗ್ಗಿ, ತಟ್ಟೆಗಳ ನಡುವೆ ಮಲಗಿ ನಿದ್ದೆ ಹೋಗಿದ್ದರು. ಹುಳಗಳು ನಾಲ್ಕನೇ ಜ್ವರ ಎದ್ದ ಸಮಯ. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಹೊಟ್ಟೆಬಾಕನ ಹಾಗೆ ಮೇಯುತ್ತವೆ. ಆ ಸಲ ಮೇಯಲಿಲ್ಲ. ವಾರದೊಳಗೆ ಸಪ್ಪೆ ರೋಗ ಬಡಿದು ಇಡೀ ಬೆಳೆ ಗುಂಡಿಗೆ ಹೋಯಿತು. ಸೊಪ್ಪು ಒದ್ದೆಯಿತ್ತು, ಸೆಖೆ ಹೆಚ್ಚಾಗಿತ್ತು ಎಂದು ಇಲಾಖೆಯವರು ಏನೇನೋ ಕಾರಣ ಹೇಳಿದರು. ಅಕ್ಕ ಯಾರ ಮಾತಿಗೂ ಎದುರಾಡಲಿಲ್ಲ. ಗುಂಡಿ ಮುಚ್ಚಿ ಬಂದವಳು ಹುಳುಮನೆಯ ಬಾಗಿಲಲ್ಲೇ ಭಾವನ ಬಲಗೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡು, "ಒಟ್ಟು ಹಾಕು" ಅಂದಳು.

ಒಟ್ಟು ಅಂದರೆ ಆಣೆ. ನಮ್ಮ ಕಡೆ ಕನ್ನಡದವರೂ ತೆಲುಗಿನವರೂ ಅದೇ ಮಾತು ಆಡುತ್ತೇವೆ. ಮಕ್ಕಳಾಗಿದ್ದಾಗ ನಾವೂ ದಿನಕ್ಕೊಂದು ಒಟ್ಟು ಹಾಕುತ್ತಿದ್ದೆವು, ತಪ್ಪುತ್ತಿದ್ದೆವು. ತಪ್ಪಿದರೆ ಕೇಡು ಆ ತಲೆಯವರಿಗೆ, ಆದರೆ ಅದಕ್ಕೊಂದು ಪರಿಹಾರವೂ ಇತ್ತು. ಯಾರ ತಲೆ ಮುಟ್ಟಿ ಒಟ್ಟು ಹಾಕಿದ್ದೆವೋ ಅವರ ಹತ್ತಿರ ಹೋಗಿ ತಪ್ಪು ಒಪ್ಪಿಕೊಳ್ಳಬೇಕು. ಅವರು ತಮ್ಮ ತಲೆಯ ಮೇಲೆ ಮೂರು ಸಲ ಕೈ ಸವರಿ, ಅದನ್ನು ತೆಗೆದು ಗಟ್ಟಿನ ಮೇಲೆ, ಅಂದರೆ ಹೊಲದ ಬದುವಿನ ಮೇಲೆ ಇಡಬೇಕು. ಅಲ್ಲಿಗೆ ಒಟ್ಟು ಇಳಿಯಿತು. ಬೇರೆ ಯಾರೂ ತೆಗೆಯುವ ಹಾಗಿಲ್ಲ. ಇದು ಮಕ್ಕಳಾಟವೇ ಇರಬಹುದು, ಆದರೆ ನಮ್ಮ ಊರುಗಳಲ್ಲಿ ದೊಡ್ಡವರಾದ ಮೇಲೂ ಯಾರೂ ಅದನ್ನು ಪೂರ್ತಿ ಆಟವೆಂದು ತಿಳಿದವರಲ್ಲ.

ಭಾವ ಒಟ್ಟು ಹಾಕಿದರು, ಉಳಿಸಿಕೊಂಡರು. ಮದುವೆಗಳಲ್ಲಿ ನೆಂಟರು ತೋಳು ಹಿಡಿದು ಎಳೆದರೂ ಹೋಗಲಿಲ್ಲ. ಕೆಮ್ಮಿನ ಔಷಧಿ ಕೊಟ್ಟರೆ ಇದರಲ್ಲಿ ಏನಾನ ಸೇರಿಸಿದಾರಾ ಎಂದು ಅಂಗಡಿಯವನನ್ನು ಕೇಳುವಷ್ಟು ಮಡಿವಂತರಾದರು. ಆದರೂ ಅಕ್ಕ ಬಾಗಿಲಲ್ಲಿ ಎರಡು ಸಲ ಉಸಿರೆಳೆಯುವುದನ್ನು ಬಿಡಲಿಲ್ಲ. ನಾನು ರೇಗಿಸಿದರೆ, "ಎರಡನೇ ಸಲದ್ದು ತಪಾಸಣೆಗಲ್ಲ ಕಣೇ" ಎಂದು ನಕ್ಕಳು. ಮತ್ತೆ ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಅಕ್ಕ ಹಾಗೆ ನಾಚಿಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂಥ ಮನೆಯ ಮಗಳಿಗೆ ಸಿಕ್ಕ ಕೆಲಸ ನೋಡಿ. ಮೌನಿಕಾ ಡಿಗ್ರಿ ಮುಗಿಸಿ ಅಲ್ಲಿ ಇಲ್ಲಿ ಅರ್ಜಿ ಹಾಕಿ, ಕೊನೆಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಹೊರದೇಶದ ಪ್ರಯಾಣಿಕರಿಗೆ ಮದ್ಯ ಮಾರುವ ಅಂಗಡಿಯಲ್ಲಿ ಸೇರಿದಳು. ಅಲ್ಲೇ ಹತ್ತಿರದ ಹಾಸ್ಟೆಲಿನಲ್ಲಿದ್ದು ವಾರದ ರಜೆಗೆ ಊರಿಗೆ ಬರುತ್ತಿದ್ದಳು. ಅಕ್ಕನಿಗೆ ಅವಳು ಹೇಳಿದ್ದು "ಗಿಫ್ಟ್ ಐಟಮ್ಸು ಅಮ್ಮ" ಎಂದು. ಅಕ್ಕ ಅವಳ ಚೂಡಿದಾರದ ಹತ್ತಿರ ಒಂದು ಉಸಿರೆಳೆದು, "ಬಾಟ್ಲಿ ಒಡೆದ್ರೆ ಸಂಬಳದಲ್ಲಿ ಹಿಡ್ಕೊಳ್ತಾರಾ?" ಎಂದು ಕೇಳಿದಳಂತೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಕೆಲಸ ಕಾಯಂ ಆಗಬೇಕಾದರೆ ಹುಡುಗಿಗೆ ಒಂದು ಪರೀಕ್ಷೆಯಿತ್ತು. ಗಿರಾಕಿಗೆ ಒಂದೊಂದು ವಿಸ್ಕಿಯ ವಾಸನೆ, ರುಚಿ ಬಾಯಲ್ಲಿ ನೀರೂರುವ ಹಾಗೆ ಹೇಳಬೇಕು. ಇವಳಿಗೆ ಬಿದ್ದದ್ದು ಸ್ಕಾಟ್ಲೆಂಡಿನ ಒಂದು ಸಿಂಗಲ್ ಮಾಲ್ಟು, ಬಾರ್ಲಿಯೊಂದರಿಂದಲೇ ಮಾಡುವ ವಿಸ್ಕಿ. ಅಲ್ಲಿ ಜೌಗು ನೆಲದಲ್ಲಿ ಹುಲ್ಲು ಪಾಚಿ ಎಲ್ಲ ಎಷ್ಟೋ ಕಾಲದಿಂದ ಹೂತು ಕಪ್ಪು ಹೆಂಟೆಯಾಗಿರುತ್ತದಂತೆ, ಅದಕ್ಕೆ ಪೀಟ್ ಅನ್ನುತ್ತಾರೆ. ನಾವು ಬೆರಣಿ ತಟ್ಟಿ ಒಣಗಿಸುವ ಹಾಗೆ ಅದನ್ನು ಕಡಿದು ಒಣಗಿಸಿ ಸುಟ್ಟು, ಆ ಹೊಗೆಯಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸುತ್ತಾರೆ. ಅದರಿಂದ ಬಟ್ಟಿಯಿಳಿಸಿದ್ದನ್ನು ಶೆರ್ರಿ ಎನ್ನುವ ದ್ರಾಕ್ಷಿ ಮದ್ಯ ಕುಡಿದು ನೆನೆದಿದ್ದ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಇಷ್ಟನ್ನೂ ಮೌನಿಕಾ ಗಿಳಿಪಾಠ ಒಪ್ಪಿಸುತ್ತಿದ್ದಳು. ಆದರೆ ಮೂಗಿಗೆ ಹಿಡಿದರೆ ಅವಳಿಗೆ ಬರುತ್ತಿದ್ದದ್ದು ಒಂದೇ, ಅಪ್ಪ ಕುಡಿದು ಬರುತ್ತಿದ್ದ ದಿನಗಳ ನೆನಪು.

ಅಭ್ಯಾಸ ಮಾಡಲೆಂದು ತರಬೇತಿಯವರು ಕೊಟ್ಟಿದ್ದ ಹೆಬ್ಬೆರಳಿನಷ್ಟು ಪುಟ್ಟ ಸೀಸೆಯನ್ನು ಅವಳು ಒಂದು ರಜೆಯ ದಿನ ಊರಿಗೆ ತಂದಳು. ಮಧ್ಯಾಹ್ನ ಅಕ್ಕ ಸೊಪ್ಪು ಕೊಯ್ಯುತ್ತಿದ್ದಾಗ ಅಪ್ಪನನ್ನು ತೋಟದ ಕೊನೆಯ ಮೋಟರ್ ಮನೆಗೆ ಕರೆದುಕೊಂಡು ಹೋದಳು.

"ನಂಗೆ ಒಂದು ಮಾತೂ ಹೊಳೀತಿಲ್ಲಪ್ಪ. ನೀನು ಹೇಳು, ಏನೇನು ವಾಸನೆ ಬರ್ತದೆ ಅಂತ," ಅಂದಳಂತೆ.

"ಒಟ್ಟಿದೆಯಲ್ಲಮ್ಮ," ಅಂದರಂತೆ ಭಾವ.

"ಕುಡೀಬೇಡ. ನಮ್ಮ ಟ್ರೈನರ್ರು ದಿನಾ ಇಪ್ಪತ್ತು ಥರ ನೋಡ್ತಾರೆ, ಒಂದು ಹನೀನೂ ನುಂಗಲ್ಲ. ಬಾಯಲ್ಲಿ ಆಡಿಸಿ ಉಗುಳ್ತಾರೆ. ರುಚಿ ನೋಡೋದು ಬೇರೆ, ಕುಡಿಯೋದು ಬೇರೆ."

ಭಾವ ಸೀಸೆಯ ಬಾಯಿಗೆ ಮೂಗು ಹಿಡಿದರು. ಮೊದಲು ಬಂದದ್ದು ಹೊಗೆ. ಉರಿಯುವ ಹೊಗೆಯಲ್ಲ, ಹಿಪ್ಪುನೇರಳೆ ಕಡ್ಡಿಯ ಒಲೆಗೆ ನೀರು ಚಿಮುಕಿಸಿ ಆರಿಸಿದ ಮೇಲೆ ಏಳುವ ಒದ್ದೆ ಹೊಗೆ. ಅದರ ಹಿಂದೆ ಗಾಯಕ್ಕೆ ಹಚ್ಚುವ ಟಿಂಚರ್. ಮಗಳು ಮುಚ್ಚಳಕ್ಕೆ ಬಗ್ಗಿಸಿ ಎರಡು ಹನಿ ನೀರು ಬಿಟ್ಟು ಕೊಟ್ಟಳು. ಈಗ ಹೊಗೆ ಸ್ವಲ್ಪ ಪಕ್ಕಕ್ಕೆ ಸರಿದು ದ್ರಾಕ್ಷಿ ಬಂತು. ವ್ಯಾಪಾರಿಗಳು ಬರದೆ ಬಳ್ಳಿಯಲ್ಲೇ ಬಿಟ್ಟು, ಬಿಸಿಲಿಗೆ ಸುಕ್ಕಾಗಿ, ಜೇನ್ನೊಣ ಮುತ್ತಿದ ದ್ರಾಕ್ಷಿ. ಬಾಯಲ್ಲಿ ಆಡಿಸಿದರೆ ಆಲೆಮನೆಯ ಕೊಪ್ಪರಿಗೆಯ ತಳ ಹಿಡಿದ ಬೆಲ್ಲ, ಕೊನೆಗೆ ಒಂಚೂರು ಉಪ್ಪು. ಒಂದೊಂದನ್ನೂ ಹೇಳಿ ಭಾವ ಬದುವಿನ ಮೇಲೆ ಉಗುಳಿದರು. ಮೌನಿಕಾ ಆ ಮಾತುಗಳನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿ ಪರೀಕ್ಷೆ ಪಾಸಾದಳು, ಕೆಲಸ ಕಾಯಂ ಆಯಿತು. ಅವಳು ಕಣ್ಣಾರೆ ನೋಡಿದ್ದು ಇಷ್ಟು.

ನೋಡದ್ದು ಇನ್ನೊಂದು ಗುಟುಕು. ಅವಳಿಗೆ ಫೋನು ಬಂದು ಆ ಕಡೆ ತಿರುಗಿದಾಗ ಭಾವ ಮುಚ್ಚಳವನ್ನು ಇನ್ನೊಂದು ಸಲ ತುಂಬಿಕೊಂಡರು. ಅದನ್ನು ಉಗುಳಲಿಲ್ಲ.

ಇದನ್ನು ಭಾವ ನನಗೆ ಹೇಳಿದ್ದು ಆಮೇಲೆ. ಅಷ್ಟರಲ್ಲಿ ಅಕ್ಕ ಇರಲಿಲ್ಲ.

ಆ ಮಧ್ಯಾಹ್ನವಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಬೆಳೆ ಬಹಳ ಚೆನ್ನಾಗಿ ಬಂದಿತ್ತು. ಹುಳ ಹಣ್ಣಾಗಿ, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದು, ಚಂದ್ರಿಕೆಗೆ ಬಿಟ್ಟಾಗಿತ್ತು, ಬಿದಿರಿನ ಆ ಸುರುಳಿಗಳ ತುಂಬ ಬಿಳಿಯ ಗೂಡುಗಳು. ಒಂದು ಬೆಳಿಗ್ಗೆ ಅಕ್ಕ ಗೂಡೊಂದನ್ನು ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದವಳು ಹಾಗೇ ಕುಸಿದು ಕೂತಳಂತೆ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮಾತು ನಿಂತಿತ್ತು. ಸಂಜೆಗೆ ಎಲ್ಲ ಮುಗಿಯಿತು. ತಲೆಯೊಳಗೆ ರಕ್ತನಾಳ ಒಡೆದಿದೆ, ಬೀಪಿ ಬಹಳ ದಿನದಿಂದ ಇದ್ದಿರಬೇಕು ಎಂದರು ಡಾಕ್ಟರು. ಇತ್ತು. ಮಾತ್ರೆಯೂ ಇತ್ತು, ಗೋಡೆಯ ಗೂಡಿನಲ್ಲಿಟ್ಟ ಡಬ್ಬಿಯಲ್ಲಿ. ಹುಳಕ್ಕೆ ಹೊತ್ತು ಹೊತ್ತಿಗೆ ಮೇವು ಹಾಕುತ್ತಿದ್ದವಳಿಗೆ ತನ್ನ ಮಾತ್ರೆ ನುಂಗಲು ಪುರುಸೊತ್ತಿರಲಿಲ್ಲ. ನನಗೆ ಇವತ್ತಿಗೂ ಅವಳ ಮೇಲೆ ಕೋಪ ಬರುತ್ತದೆ. ಎದುರಿಗಿದ್ದಿದ್ದರೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.

ಭಾವ ಅಳಲಿಲ್ಲ. ಹನ್ನೊಂದನೇ ದಿನ ಅಕ್ಕನಿಗೆ ಎಡೆ ಬಡಿಸುವಾಗ ಎಲೆಯನ್ನು ಮುಟ್ಟಲೂ ಇಲ್ಲ, ಬಾಗಿಲಾಚೆ ನಿಂತರು. ಅವರ ತಮ್ಮ ಚೆನ್ನರಾಯಪ್ಪ ಬಡಿಸಿ ಶಾಸ್ತ್ರ ಮುಗಿಸಿದ. ದುಃಖದಲ್ಲಿ ಹಾಗಿದಾರೆ ಎಂದರು ಜನ. ಹುಳುಮನೆಗೆ ಬೀಗ ಬಿತ್ತು. ತೋಟದ ಸೊಪ್ಪನ್ನು ಪಕ್ಕದ ಊರಿನವರು ಕೊಯ್ದುಕೊಂಡು ಹೋಗತೊಡಗಿದರು.

ಆಮೇಲೆ ಒಂದು ಮಧ್ಯಾಹ್ನ ಭಾವ ಚಿಂತಾಮಣಿಯ ನಮ್ಮ ಮನೆಗೆ ಬಂದರು. ಮುರುಗಮಲ್ಲದ ದರ್ಗಾಕ್ಕೆ ಹೋಗಿ ಅಲ್ಲಿಂದಲೇ ಬಸ್ಸಿನಲ್ಲಿ ಬಂದಿದ್ದರು, ಕೈಯಲ್ಲಿ ಹಸಿರು ದಾರವಿತ್ತು. ಕಾಫಿ ಕೊಟ್ಟೆ, ಕುಡಿಯಲಿಲ್ಲ. ಲೋಟ ಹಿಡಿದುಕೊಂಡೇ ಮೋಟರ್ ಮನೆಯ ಕತೆಯನ್ನೆಲ್ಲ ಹೇಳಿದರು. ಆ ಎರಡನೇ ಗುಟುಕಿನ ಮಾತು ಬಂದಾಗ ಧ್ವನಿ ಇಳಿಯಿತು.

"ನುಂಗಿದ್ಮೇಲೆ ಹೊಗೆ ಹಿಂದಕ್ಕೆ ಬಂದು ಮೂಗಲ್ಲಿ ಕೂತ್ಕೊಳ್ತು ರಾಮಲಕ್ಷ್ಮಿ. ಸಾಯಂಕಾಲವಾದ್ರೂ ಹೋಗಲಿಲ್ಲ. ಹುಳುಮನೆಗೆ ಹೋಗ್ಬೇಕು, ಮೇವಿನ ಹೊತ್ತು. ಅದಕ್ಕೆ ಕಡ್ಡಿ ರಾಶಿಗೆ ಬೆಂಕಿ ಹಾಕಿ ಅದರ ಹೊಗೇಲಿ ನಿಂತ್ಕೊಂಡೆ. ವಿಸ್ಕಿ ಹೊಗೆ ಕಡ್ಡಿ ಹೊಗೇಲಿ ಮುಚ್ಚೋಗ್ಲಿ ಅಂತ."

"ಅಕ್ಕ ಏನಂದ್ಲು?"

"ಎರಡು ಸಲ ಉಸಿರೆಳೆದ್ಲು. 'ಹೊಗೆ ಹತ್ರ ನಿಂತಿದ್ಯಾ?' ಅಂದ್ಲು. ಹೂಂ ಅಂದೆ. ಬಟ್ಟೆ ಬದ್ಲಾಯಿಸ್ಕೊಂಡು ಬಾ ಅಂದ್ಲು. ಬದ್ಲಾಯಿಸ್ಕೊಂಡು ಬಂದೆ, ಒಳಗೆ ಬಿಟ್ಲು. ಅವಳಿಗೆ ಗೊತ್ತಾಗಲಿಲ್ಲ."

ಆಮೇಲೆ ಅವರು ತಮ್ಮ ಲೆಕ್ಕಾಚಾರ ಹೇಳಿದರು. ಒಟ್ಟು ತಪ್ಪಿದ್ದು ಅವರು. ಅದರ ಕೇಡು ಹುಳಕ್ಕೆ ಬರಬೇಕಾಗಿತ್ತು, ಬರಲಿಲ್ಲ, ಬೆಳೆ ಚೆನ್ನಾಗಾಯಿತು. ಒಟ್ಟು ಇದ್ದದ್ದು ಅಕ್ಕನ ತಲೆಯ ಮೇಲೆ. ಒಡೆದದ್ದೂ ತಲೆಯೇ.

ನನಗೆ ರೇಗಿಹೋಯಿತು. "ಬೀಪಿ ಭಾವ, ಬೀಪಿ. ಡಾಕ್ಟ್ರು ಹೇಳಿಲ್ವಾ?" ಅಂದೆ.

"ಬೀಪಿ ಊರಲ್ಲಿ ಅರ್ಧ ಜನಕ್ಕೈತೆ."

"ದರ್ಗಾದಲ್ಲಿ ಏನಂದ್ರು?"

"ಅಲ್ಲೊಬ್ಬರು ವಯಸ್ಸಾದೋರು ದಾರ ಕಟ್ಟಿ, ದೇವರು ಮಾಫಿ ಮಾಡ್ತಾನೆ, ಹೆದರಬೇಡ ಅಂದ್ರು. ದೇವರು ಮಾಡ್ತಾನೆ ಸ್ವಾಮಿ, ನಾನು ಒಟ್ಟು ಹಾಕಿದ್ದು ದೇವರ ಮೇಲಲ್ವಲ್ಲ ಅಂದೆ." ಭಾವ ದಾರವನ್ನು ಬೆರಳಲ್ಲಿ ತಿರುಗಿಸಿದರು. "ಅವಳು ಇದ್ದಾಗಲೇ ಹೇಳಿದ್ದಿದ್ರೆ ತೆಗೆದು ಗಟ್ಟಿನ ಮೇಲಿಡ್ತಿದ್ಲು. ಈಗ ಯಾರು ತೆಗೀತಾರೆ?"

"ಯಾಕೆ ಹೇಳಲಿಲ್ಲ ಮತ್ತೆ?"

"ಹೊತ್ತೇ ಸಿಗಲಿಲ್ಲ ಅನ್ನಂಗಿಲ್ಲ. ದಿನಾ ಸಾಯಂಕಾಲ ಮೇವು ಹಾಕಿ ಆದ್ಮೇಲೆ ಇಬ್ಬರೇ ಹುಳುಮನೆ ಮೆಟ್ಲ ಮೇಲೆ ಕೂತ್ಕೊಳ್ತಿದ್ವಿ. ಅವಳೇ ಕೇಳ್ತಿದ್ಲು, 'ಏನಾನ ಹೇಳೋದೈತಾ?' ಅಂತ. ಗೂಡಿನ ರೇಟು ಕೇಳ್ತಾಳೆ, ಇಲ್ಲಾ ಮೌನಿಕಾಗೆ ಗಂಡು ನೋಡೋ ವಿಚಾರ ಅಂದ್ಕೊಳ್ತಿದ್ದೆ. ಏನಿಲ್ಲ ಅಂತಿದ್ದೆ. ನಾಳೆ ಹೇಳಣ, ಗೂಡು ಮಾರ್ಕೆಟ್ಟಿಗೆ ಹೋದ್ಮೇಲೆ ಹೇಳಣ ಅಂತ ಒಳಗೊಳಗೇ."

ಹೋಗುವ ಮುಂಚೆ ನನ್ನಿಂದ ಒಂದು ಮಾತು ತೆಗೆದುಕೊಂಡರು. ಮೌನಿಕಾಗೆ ಇದು ಗೊತ್ತಾಗಬಾರದು. ತಾನು ತಂದ ಸೀಸೆಯಿಂದ ಅಮ್ಮ ಹೋದಳು ಅನ್ನುವುದು ಆ ಮಗುವಿನ ತಲೆಗೆ ಹೊಕ್ಕರೆ ಅವಳು ಬದುಕುವುದು ಹೇಗೆ ಎಂದರು. ತಮ್ಮ ತಲೆ ಮುಟ್ಟಿ ಒಟ್ಟು ಹಾಕು ಅಂದರು. "ನಿಮ್ಮ ಮನೆ ಒಟ್ಟಿನ ಸಹವಾಸ ಸಾಕು ಭಾವ. ಹೇಳಲ್ಲ ಅಂದ್ಮೇಲೆ ಹೇಳಲ್ಲ," ಎಂದು ಕೈ ಹಿಂದಕ್ಕೆಳೆದುಕೊಂಡೆ. ಕಾಫಿ ಕೆನೆಗಟ್ಟಿತ್ತು. ಅವರು ಹಾಗೇ ಬಿಟ್ಟು ಬಸ್ಸಿಗೆ ನಡೆದರು.

ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ತೀರಿಹೋದವರಿಗೆ ಎಡೆ ಇಡುತ್ತೇವೆ. ನಡುಮನೆಯಲ್ಲಿ ಫೋಟೋ, ಅದರ ಮುಂದೆ ಹೊಸ ಬಟ್ಟೆ, ದೊಡ್ಡ ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದೆಲ್ಲ. ಮಾಂಸ, ಕಜ್ಜಾಯ, ಎಲೆಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಬಾಟಲಿ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಅಕ್ಕನಿಗೆ ಇದು ಮೊದಲನೇ ಪಿತೃಪಕ್ಷದ ಎಡೆ. ಮನೆಯ ಯಜಮಾನ ಇಡಬೇಕು. ಭಾವ ಮಾತ್ರ, "ಅವಳನ್ನ ಕಳಿಸಿದೋನು ನಾನು. ಈಗ ಎಡೆ ಇಟ್ಟು ಬಾ ಉಣ್ಣು ಅಂತ ಯಾವ ಬಾಯಲ್ಲಿ ಕರೀಲಿ?" ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು. ಗಂಡ ಕರೆಯದೆ ನಮ್ಮಕ್ಕ ಬಾಗಿಲಲ್ಲಿ ನಿಂತು ಹಸಿದು ಹಿಂದಕ್ಕೆ ಹೋಗುತ್ತಾಳೆ ಅನ್ನುವ ಯೋಚನೆ ನನ್ನನ್ನು ಕಿತ್ತು ತಿನ್ನತೊಡಗಿತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಶಾಲೆಯಲ್ಲಿ ಬಹಳ ಹೆಸರಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಭಾವ ತೋಟದ ಬದುವಿನ ಮೇಲೆ ಕೂತಿದ್ದರು. ಕರೆದರೆ ತಲೆ ಎತ್ತಲಿಲ್ಲ. ಒಳಗೆ ಚೆನ್ನರಾಯಪ್ಪನ ಹೆಂಡತಿ ಒಲೆಯ ಮುಂದೆ, ಮೌನಿಕಾ ಫೋಟೋಗೆ ಹೂ ಮುಡಿಸುತ್ತಿದ್ದಳು. ಎಲೆ ಹಾಸಿ ಸೀರೆ ಇಟ್ಟೆವು. ಆಗ ಆ ಹುಡುಗಿ ತನ್ನ ಬ್ಯಾಗಿನಿಂದ ಒಂದು ಉದ್ದನೆಯ ಡಬ್ಬಿ ತೆಗೆದು, ಅದರೊಳಗಿನ ಬಾಟಲಿಯನ್ನು ಎಲೆಯ ಪಕ್ಕಕ್ಕೆ ಇಟ್ಟಳು. ಜೋನಿಬೆಲ್ಲದ ಬಣ್ಣ. ನಾನು ಯಾವತ್ತೂ ನೋಡಿರಲಿಲ್ಲ, ಆದರೆ ಯಾವುದೆಂದು ತಕ್ಷಣ ಗೊತ್ತಾಯಿತು.

"ಏನೇ ಇದು? ನಿಮ್ಮಮ್ಮನಿಗೆ ವಿಸ್ಕಿ ಇಡ್ತೀಯಾ? ಬುದ್ಧಿ ನೆಟ್ಟಗಿದೆಯಾ ನಿಂಗೆ?" ಎಂದು ಗದರಿದೆ.

"ಅಮ್ಮನೇ ಕೇಳಿದ್ದು ಚಿಕ್ಕಮ್ಮ," ಅಂದಳು ಮೌನಿಕಾ.

ಕೂತುಕೊಂಡು ಅವಳು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮೋಟರ್ ಮನೆಯ ಆ ದಿನವೇ, ಸಂಜೆಯ ಮೇವಾದ ಮೇಲೆ, ಅಕ್ಕ ಅಡುಗೆ ಮನೆಗೆ ಬಂದು, "ನಿಮ್ಮಪ್ಪನಿಗೆ ಏನು ಕೊಟ್ಟೆ?" ಎಂದು ಕೇಳಿದಳಂತೆ. ಹುಡುಗಿ ಸೀಸೆ ತೋರಿಸಿ ಪರೀಕ್ಷೆಯ ವಿಷಯ ಹೇಳಿದಳು. ಅಪ್ಪ ಉಗುಳಿದರು ಅಮ್ಮ, ನಾನು ಕಣ್ಣಾರೆ ನೋಡಿದೆ ಅಂದಳು. ಅಕ್ಕ ನಕ್ಕುಬಿಟ್ಟಳಂತೆ. "ಬಾಯಿಂದ ಬರೋ ವಾಸನೆ ಬೇರೆ, ಹೊಟ್ಟೆಯಿಂದ ಬರೋದು ಬೇರೆ ಕಣೇ. ಕಡ್ಡಿ ಹೊಗೇಲಿ ನಿಂತು ಬಂದವ್ನೆ, ಪಾಪ. ಹೊಗೆ ಮೇಲೆ ಹೊಗೆ ಹಾಕ್ಕೊಂಡು." ಆಮೇಲೆ ಸೀಸೆಯಲ್ಲಿ ಉಳಿದಿದ್ದ ತೊಟ್ಟಿಗೆ ಮೂಗು ಹಿಡಿದು ಬಹಳ ಹೊತ್ತು ಹಾಗೇ ನಿಂತಳಂತೆ. ಕಿರುಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡಳು. ಮುಖ ಕಿವುಚಿದಳು, ಆಮೇಲೆ ಸಡಿಲಿಸಿದಳು.

"ಇದು ನಿಮ್ಮಪ್ಪನ ಹಳೇ ವಾಸನೆ ಅಲ್ಲ. ಸುಟ್ಟ ಸೌದೆ ಮೇಲೆ ದ್ರಾಕ್ಷಿ ಇಟ್ಟಂಗೈತೆ. ಚೆನ್ನಾಗೇ ಐತೆ," ಅಂದಳಂತೆ.

ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ತನ್ನ ತಲೆಯ ಮೇಲೆ ಮೂರು ಸಲ ಕೈ ಸವರಿ, ಬಗ್ಗಿ ತೋಟದ ಬದುವಿನ ಮೇಲೆ ಅಂಗೈ ಊರಿ ಬಂದಳಂತೆ. "ಇಳಿಸಿದೆ. ನಂಗೆ ಗೊತ್ತು ಅಂತ ನೀನು ಹೇಳ್ಬೇಡ. ಅವನೇ ಬಂದು ಹೇಳ್ಲಿ. ಹೇಳಿದ್ಮೇಲೆ ಇದನ್ನ ಇನ್ನೊಂದ್ಸಲ ತಂದ್ಕೊಡು. ಮೂರೂ ಜನ ಮೆಟ್ಲ ಮೇಲೆ ಕೂತು ರುಚಿ ನೋಡಣ," ಅಂದಳಂತೆ.

"ಅಪ್ಪ ಹೇಳಿರ್ತಾರೆ, ಇಬ್ಬರೂ ನಕ್ಕಿರ್ತಾರೆ ಅಂದ್ಕೊಂಡೆ ಚಿಕ್ಕಮ್ಮ," ಅಂದಳು ಮೌನಿಕಾ. "ಬೋನಸ್ ಬಂದ್ಮೇಲೆ ತರಣ ಅಂತಿದ್ದೆ. ಅಷ್ಟರಲ್ಲಿ ಅಮ್ಮ ಹೋದ್ರು." ಹುಡುಗಿಗೆ ಅಳು ಬಂತು. ಬಾಟಲಿಯನ್ನು ಸ್ವಲ್ಪ ತಿರುಗಿಸಿ ಚೀಟಿ ಫೋಟೋದ ಕಡೆಗಿರುವ ಹಾಗೆ ಇಟ್ಟಳು.

ನಾನು ಎದ್ದು ತೋಟಕ್ಕೆ ಓಡಿದೆ. ಈ ವಯಸ್ಸಿಗೆ ಓಡಿದೆ ಅಂದರೆ ನಗಬೇಡಿ. ಒಂದು ಒಳ್ಳೆಯ ಸುದ್ದಿ ಹೇಳಬೇಕಾಗಿತ್ತು. ಅಕ್ಕ ಹೋಗಿ ಇಷ್ಟು ದಿನವಾದ ಮೇಲೆ ನನ್ನ ಎದೆ ಹಗುರವಾಗಿದ್ದು ಆಗಲೇ.

"ಭಾವ, ಒಟ್ಟು ಅಕ್ಕನ ತಲೆ ಮೇಲಿರಲಿಲ್ಲ. ಅಕ್ಕ ಅವತ್ತೇ ತೆಗೆದಿಟ್ಟಿದ್ದಾಳೆ. ಇದೇ ಗಟ್ಟಿನ ಮೇಲೆ. ಅವಳಿಗೆ ಎಲ್ಲ ಗೊತ್ತಿತ್ತು," ಎಂದು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದೆ. ಹಿಂದೆಯೇ ಬಂದ ಮೌನಿಕಾ ಹೌದೆಂದು ತಲೆಯಾಡಿಸಿದಳು.

ಭಾವ ನನ್ನ ಮುಖ ನೋಡಿದರು. ಅವರ ಮುಖ ತಿಳಿಯಾಗುತ್ತದೆ ಎಂದು ನಾನು ಕಾದೆ.

"ಅವತ್ತೇನಾ?" ಅಂದರು.

"ಅವತ್ತೇ."

"ಅವತ್ತು ಸಾಯಂಕಾಲಾನೇ?"

"ಹೌದಪ್ಪ," ಅಂದಳು ಮೌನಿಕಾ.

ಅವರು ತಾವು ಕೂತಿದ್ದ ಬದುವನ್ನು ಕೈಯಲ್ಲಿ ಸವರಿದರು.

"ಹಂಗಾದ್ರೆ ದಿನಾ ಅವಳು ಕೇಳ್ತಿದ್ದದ್ದು ಇದನ್ನೇ," ಅಂದರು.

ನನಗೆ ಆಗ ತಿಳಿಯಿತು, ನಾನು ಓಡೋಡಿ ತಂದದ್ದು ಎಂಥ ಸುದ್ದಿಯೆಂದು. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ನಮ್ಮಕ್ಕ ಪ್ರತಿ ಸಂಜೆ ಕಾದಿದ್ದಳು. ತಪ್ಪು ಯಾವತ್ತೋ ಮನ್ನಾ ಆಗಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದು ಮಾತು. ಅವಳು ಕೇಳುತ್ತಲೇ ಇದ್ದಳು, ಇವರು ಏನಿಲ್ಲ ಅನ್ನುತ್ತಲೇ ಇದ್ದರು. ಇಷ್ಟು ದಿನ ಒಟ್ಟು ತನ್ನ ಹೆಂಡತಿಯನ್ನು ತೆಗೆದುಕೊಂಡು ಹೋಯಿತು ಎಂದು ಕೊರಗಿದ ಮನುಷ್ಯನಿಗೆ ನಾನು ಅದಕ್ಕಿಂತ ಭಾರವಾದದ್ದನ್ನು ತಂದು ಕೊಟ್ಟಿದ್ದೆ. ಭಾವ ಅಲ್ಲಿ ಅತ್ತರು. ಅಕ್ಕ ಹೋದಾಗಿನಿಂದ ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅವರೇ ಎದ್ದರು. ಹುಳುಮನೆಯ ಬಾಗಿಲಿಗೆ ಹೋಗಿ, ಒಣಗಿ ಬಿರಿದಿದ್ದ ತಟ್ಟೆಗೆ ನೀರು ಹಾಕಿ ಕಾಲು ಅದ್ದಿದರು, ಕೈ ತೊಳೆದರು. ಮನೆಯೊಳಗೆ ಬಂದು ಎಲೆಗೆ ಎಲ್ಲವನ್ನೂ ತಾವೇ ಬಡಿಸಿದರು. ಬಾಟಲಿಯ ಬಿರಡೆ ತೆಗೆಯಲು ಬರಲಿಲ್ಲ, ಮೌನಿಕಾ ತೆಗೆದುಕೊಟ್ಟಳು. ಮೂರು ಲೋಟ ತರಿಸಿ ಮೂರಕ್ಕೂ ಒಂದೊಂದು ಗುಟುಕು ಬಗ್ಗಿಸಿ, ಎರಡೆರಡು ಹನಿ ನೀರು ಬಿಟ್ಟರು. ಹೊಗೆಯ ವಾಸನೆ ಎದ್ದಿತು. ಒದ್ದೆ ಕಡ್ಡಿಯದು, ಅದರ ಹಿಂದೆ ದ್ರಾಕ್ಷಿಯದು. ನನ್ನ ಮೂಗು ಅಕ್ಕನ ಮೂಗಲ್ಲ, ಆದರೂ ಅಷ್ಟು ಗೊತ್ತಾಯಿತು.

ಧೂಪ ಹಾಕಿ ಎಲ್ಲರೂ ಹೊರಗೆ ಬಂದೆವು. ಭಾವ ಬರಲಿಲ್ಲ.

"ಒಳಗೆ ಯಾರೂ ಇರಬಾರ್ದಣ್ಣ," ಅಂದ ಚೆನ್ನರಾಯಪ್ಪ.

"ನೀವು ಬಾಗಿಲು ಹಾಕ್ಕೊಳ್ಳಿ," ಅಂದರು ಭಾವ.

ಬಾಗಿಲು ಮುಚ್ಚಿ ಜಗಲಿಯ ಮೇಲೆ ಕೂತೆವು. ಆಮೇಲೆ ಒಳಗಿನಿಂದ ಭಾವನ ಧ್ವನಿ ಬಂತು, ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡುವಷ್ಟೇ ಮೆಲ್ಲಗೆ.

"ಹೇಳೋದೈತೆ ಕಣೇ," ಅಂದರು. "ಮೌನಿಕಾ ಫೋನು ಬಂತು ಅಂತ ಆ ಕಡೆ ತಿರುಗಿದ್ಲು. ನಾನು ಇನ್ನೊಂದು ಮುಚ್ಚಳ ಹಾಕ್ಕೊಂಡೆ. ಅದನ್ನ ಉಗುಳಲಿಲ್ಲ."

ಮೌನಿಕಾ ನನ್ನ ಕೈ ಹಿಡಿದುಕೊಂಡಳು. ಒಳಗೆ ಮಾತು ನಿಂತಿತ್ತು. ಭಾವ ಉತ್ತರಕ್ಕೆ ಕಾಯುತ್ತಿದ್ದರು. ನಾವು ಬಾಗಿಲು ತೆಗೆಯಲಿಲ್ಲ.